ಒಂಬತ್ತನೆಯ ತಂತಿ

ಕಟಕೋಳದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಸರದಿಗೆ ನಿಂತಿದ್ದೆ. ನನ್ನ ಮುಂದಿದ್ದ ಹಿರಿಯರು ಹೊಲದ ಉತಾರ, ಅಂದರೆ ಪಹಣಿ, ತೆಗೆಸಲು ಬಂದಿದ್ದರು. “ಅಜ್ಜಾರ, ಯಾವ ಊರಿನ ಹೊಲಾರೀ?” ಎಂದು ಅಂಗಡಿಯ ಹುಡುಗ ಕೇಳಿದ. “ಇದ ಊರಪಾ, ಕಟಕೋಳ” ಅಂದರು. ಹುಡುಗ ಬೆಳಗಾವಿ ಜಿಲ್ಲೆ ಆರಿಸಿದ, ರಾಮದುರ್ಗ ತಾಲೂಕು ಆರಿಸಿದ, ಊರಿನ ಹೆಸರು ಒತ್ತಿದ. ಉತಾರ ಪರದೆಗೆ ಬಂತು. ಪ್ರಿಂಟರ್ ಕಾಗದ ಎಳೆದುಕೊಳ್ಳುವ ಹೊತ್ತಿಗೆ ನಾನು ಬೆರಳು ಮಡಚಿ ಎಣಿಸುತ್ತಿದ್ದೆ.

ಎಣಿಸಿದ್ದು ಆ ಹೆಸರನ್ನೇ. ಕಟಕೋಳ ಎಂದು ನಾವು ಬರೆಯುವುದು ನಾಲ್ಕು ಅಕ್ಷರ. ಕಂಪ್ಯೂಟರಿಗೆ ಅದು ಐದು: ಕ, ಟ, ಮತ್ತೊಂದು ಕ, ಅದಕ್ಕೆ ಹತ್ತುವ ಓತ್ವದ ಗುರುತು, ಕೊನೆಗೆ ಳ. ಯುನಿಕೋಡ್ ಬರಹವನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. ಐದಕ್ಕೆ 15 ಬೈಟ್. ಬೈಟಿಗೆ 8 ಬಿಟ್, ಅಂದರೆ ಊರಿನ ಹೆಸರಿಗೆ 120 ಬಿಟ್: 120 ಸೊನ್ನೆ ಮತ್ತು ಒಂದುಗಳ ಒಂದು ಸಾಲು. ಈ ಸಾಲು ಮೆಮೊರಿಯ ಪಟ್ಟಿಯಿಂದ ಪ್ರೊಸೆಸರ್‌ವರೆಗೆ ಕೂದಲೆಳೆಯಂಥ ತಾಮ್ರದ ಗೆರೆಗಳ ಮೇಲೆ ನಡೆದು ಹೋಗಬೇಕು. ಆ ಗೆರೆಗಳ ಗುಂಪಿಗೆ ಬಸ್ ಎಂದೇ ಹೆಸರು. ರಾಮದುರ್ಗಕ್ಕೆ ಹೋಗುವ ಕೆಂಪು ಬಸ್ಸಿಗೂ ಇದಕ್ಕೂ ಹೆಸರು ಬಂದ ಮೂಲ ಒಂದೇ, ‘ಎಲ್ಲರಿಗೂ’ ಎಂಬ ಅರ್ಥದ ಲ್ಯಾಟಿನ್ ಮಾತು ಓಮ್ನಿಬಸ್.

ಅಂಗಡಿಯ ಕಂಪ್ಯೂಟರ್ ಡಿಡಿಆರ್4 ಎಂಬ ಮೆಮೊರಿಯ ಕಾಲದ್ದು ಎಂದು ಇಟ್ಟುಕೊಳ್ಳೋಣ. ಇಂಥ ಅಂಗಡಿಗಳಲ್ಲಿ ಹೆಚ್ಚಾಗಿ ಅದೇ ಇರುತ್ತದೆ. ಅದರ 3200 ಎಂಬ ವೇಗದಲ್ಲಿ ಒಂದೊಂದು ತಂತಿಯ ಮೇಲೂ ಸೆಕೆಂಡಿಗೆ 320 ಕೋಟಿ ಬಿಟ್ ಹೋಗುತ್ತವೆ. ದತ್ತಾಂಶಕ್ಕೆ ಅಂಥ 64 ತಂತಿ. ಒಂದು ಸಲಕ್ಕೆ 8 ಬೈಟ್ ಸಾಗುವುದರಿಂದ ಕಟಕೋಳದ 15 ಬೈಟಿಗೆ ಎರಡೇ ಹೆಜ್ಜೆ ಸಾಕು. ಎರಡು ಹೆಜ್ಜೆಗೆ ಹಿಡಿಯುವ ಕಾಲ ಒಂದು ಸೆಕೆಂಡಿನ 160 ಕೋಟಿ ಪಾಲಿನಲ್ಲಿ ಒಂದು. ಹೀಗೆ ಹೇಳುತ್ತಲೇ ಹೋದರೆ ಒಂದು ಸೆಕೆಂಡಿನಲ್ಲಿ ಈ ದೇಶದ ಒಬ್ಬೊಬ್ಬರಿಗೂ ಒಂದೊಂದು ಸಲ ‘ಕಟಕೋಳ’ ಎಂದು ಹೇಳಿ ಮುಗಿಸಿ, ಇನ್ನೂ ಹೊತ್ತು ಉಳಿಯುತ್ತದೆ.

ಕರ್ನಾಟಕದ ‘ಭೂಮಿ’ ಯೋಜನೆ ಕಂಪ್ಯೂಟರಿಗೆ ಏರಿಸಿದ್ದು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ. ಒಂದು ಪಹಣಿಯ ಬರಹಕ್ಕೆ 4096 ಬೈಟ್ ಎಂದು ನಾನೇ ಒಂದು ಅಂದಾಜು ಇಟ್ಟುಕೊಂಡೆ. ಅಷ್ಟನ್ನೂ ಈ 64 ತಂತಿಗಳ ಮೇಲೆ ಸಾಲಾಗಿ ಬಿಟ್ಟರೆ 3.2 ಸೆಕೆಂಡಿನಲ್ಲಿ ದಾಟಿ ಹೋಗುತ್ತವೆ. ಬೀದರಿನಿಂದ ಚಾಮರಾಜನಗರದವರೆಗಿನ ಎರೆ, ಮಸಬು, ಗದ್ದೆ, ತೋಟ ಎಲ್ಲದರ ಲೆಕ್ಕ, ಅಜ್ಜಾರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಳ್ಳುವಷ್ಟರೊಳಗೆ.

ಕೋಟಿ ಕೋಟಿ ಎಂದು ಹೇಳುತ್ತ ಹೋದರೆ ಕಿವಿ ಜಡವಾಗುತ್ತದೆ. ಹಾಗಾಗಿ ನಮ್ಮ ಸೀಮೆಯ ಇತಿಹಾಸವನ್ನೇ ಗಡಿಯಾರ ಮಾಡಿಕೊಳ್ಳುತ್ತೇನೆ. ಇದಕ್ಕೆ ಒಂದು ಪೀಳಿಗೆ ಮುಂದಿನ ಮೆಮೊರಿ ಬೇಕು. 2020ರ ಜುಲೈಯಲ್ಲಿ ಡಿಡಿಆರ್5ರ ನಿಯಮಾವಳಿ ಹೊರಬಂತು. ಅದು ಆಗಲೇ ಸೂಚಿಸಿದ್ದ ಮೇಲಿನ ವೇಗ 6400. ಒಂದೇ ಒಂದು ತಂತಿಯ ಮೇಲೆ ಸೆಕೆಂಡಿಗೆ 640 ಕೋಟಿ ಬಿಟ್. ಈಗ ಪ್ರತಿ ಬಿಟ್ಟಿಗೂ ಒಂದೊಂದು ಪೂರ್ತಿ ಸೆಕೆಂಡು ಕೊಡಿ. ಹಗಲಿಲ್ಲ ರಾತ್ರಿಯಿಲ್ಲ, ಸೆಕೆಂಡಿಗೊಂದರಂತೆ ಬಿಟ್ ಹೊರಡುತ್ತಿರಲಿ. ಮೊದಲನೆಯದು 1824ರ ಅಕ್ಟೋಬರ್ 23ರಂದು ಹೊರಡಲಿ: ಕಿತ್ತೂರಿನ ಕೋಟೆಯ ಮುಂದಿನ ಕದನದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದ ದಿನ.

1829ರ ಫೆಬ್ರವರಿ 2ರಂದು ಬೈಲಹೊಂಗಲದ ಕೋಟೆಯ ಸೆರೆಯಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಕಣ್ಣು ಮುಚ್ಚಿದರು. ಆ ಹೊತ್ತಿಗೆ ಹೋಗಿರುವುದು 13.5 ಕೋಟಿ ಬಿಟ್. ನಿಜವಾದ ಯಂತ್ರದ ಗಡಿಯಾರದಲ್ಲಿ ಅದು 21 ಮಿಲಿಸೆಕೆಂಡು. ಒಮ್ಮೆ ರೆಪ್ಪೆ ಬಡಿಯಲು ಇದರ ಐದಾರು ಪಟ್ಟು ಕಾಲ ಬೇಕು. 1831ರ ಜನವರಿ 26, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಕೊನೆ: 31 ಮಿಲಿಸೆಕೆಂಡು. ರೆಪ್ಪೆ ಇನ್ನೂ ಕೆಳಗಿಳಿದಿಲ್ಲ. 1924ರ ಡಿಸೆಂಬರ್ 26ರಂದು ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಕೂಡಿತು. ಆಗಲೂ ಅರ್ಧ ಸೆಕೆಂಡು ತುಂಬಿರುವುದಿಲ್ಲ, ವರ್ಷದ ಮೇಲೆ ಬಾಕಿ. 1947ರ ಆಗಸ್ಟ್ 15ಕ್ಕೆ 0.6 ಸೆಕೆಂಡು. 640 ಕೋಟಿ ಸೆಕೆಂಡು ಅಂದರೆ 74,074 ದಿನ. ಆ ಸಾಲಿನ ಕೊನೆಯ ಬಿಟ್ ಹೊರಡುವ ದಿನ ಯಾವುದೆಂದು ಪಂಚಾಂಗ ಹಾಕಿದಂತೆ ದಿನ ದಿನ ಕೂಡಿಸಿ ನೋಡಿದೆ. 2027ರ ಆಗಸ್ಟ್ 14 ಬಂತು. ಎರಡು ಸಲ ಲೆಕ್ಕ ಮಾಡಿದೆ. ಕಿತ್ತೂರಿನ ಕದನದಿಂದ ಸ್ವಾತಂತ್ರ್ಯಕ್ಕೆ 80 ವರ್ಷ ತುಂಬುವ ಹಿಂದಿನ ದಿನದವರೆಗೆ, ಒಂದು ತಂತಿಯ ಒಂದು ಸೆಕೆಂಡು.

ಈ ಗಡಿಯಾರ ಇನ್ನೂ ಸ್ವಲ್ಪ ಹೊತ್ತು ನಡೆಯಲಿ, ಏಕೆಂದರೆ ಇದರೊಳಗಿಂದ ನೋಡಿದಾಗಲೇ ತಂತಿಯ ಕಷ್ಟ ಕಾಣುವುದು. ಬೆಳಕು ಬಯಲಿನಲ್ಲಿ ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ. ಮದರ್‌ಬೋರ್ಡಿನ ಹಸಿರು ಹಲಗೆಯಲ್ಲಿ ಸಂಕೇತದ ಓಟ ಅದರ ಸುಮಾರು ಅರ್ಧ, 15 ಸೆಂಟಿಮೀಟರ್. ಕಿತ್ತೂರಿನ ಗಡಿಯಾರದಲ್ಲಿ ಇದನ್ನು ಅಳೆದರೆ ಸಂಕೇತ ಸೆಕೆಂಡಿಗೆ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ಅದು ಇರುವೆಯ ನಡಿಗೆ. ವಿಶ್ವದಲ್ಲೇ ಅತಿ ವೇಗದ ವಸ್ತು ಎಂದು ಶಾಲೆಯಲ್ಲಿ ಓದಿದ್ದ ಬೆಳಕು, ಈ ತಂತಿಯ ಮೇಲೆ ಸಕ್ಕರೆ ಡಬ್ಬಿಯ ಕಡೆಗೆ ಹೊರಟ ಇರುವೆ.

ಪ್ರೊಸೆಸರ್‌ನಿಂದ ಮೆಮೊರಿಗೆ 10 ಸೆಂಟಿಮೀಟರ್ ದಾರಿ ಎನ್ನಿ. ಮೊದಲ ಇರುವೆ ಆಚೆ ಮುಟ್ಟಲು ನಾಲ್ಕು ಸೆಕೆಂಡಿನ ಮೇಲೆ ಬೇಕು. ಅಷ್ಟರಲ್ಲಿ ಎರಡನೆಯದು, ಮೂರನೆಯದು, ನಾಲ್ಕನೆಯದು ಹೊರಟು ದಾರಿಯಲ್ಲಿವೆ. ಸ್ವಿಚ್ ಒತ್ತಿದರೆ ದೀಪ ಹತ್ತುವ ತಂತಿ ನಮಗೆ ಗೊತ್ತು. ಇದು ಆ ಜಾತಿಯಲ್ಲ. ಒಂದು ತುದಿಯಲ್ಲಿ ಏನಿದೆಯೆಂದು ಇನ್ನೊಂದು ತುದಿಗೆ ಗೊತ್ತಾಗುವ ಮೊದಲೇ ನಾಲ್ಕು ಮಾತು ಬಾಯಿಬಿಟ್ಟಾಗಿರುತ್ತದೆ.

ಆಮೇಲಿನದು ಮಾರ್ದನಿ. ಚಕ್ಕಡಿಯ ಹಗ್ಗವನ್ನು ಬೇವಿನ ಮರಕ್ಕೆ ಬಿಗಿದು ಈ ತುದಿ ಹಿಡಿದು ಒಮ್ಮೆ ಜಾಡಿಸಿ ನೋಡಿ. ಅಲೆಯೊಂದು ಮರದವರೆಗೆ ಓಡಿ, ಅಲ್ಲಿ ನಿಲ್ಲದೆ ಮಗುಚಿಕೊಂಡು ನಿಮ್ಮ ಕೈಗೇ ಮರಳಿ ಬರುತ್ತದೆ. ತಂತಿಯ ಕೊನೆಯಲ್ಲಿ ಸಂಕೇತವನ್ನು ಬರಮಾಡಿಕೊಳ್ಳುವವರು ಸರಿಯಾಗಿ ಇಲ್ಲದಿದ್ದರೆ ಅದೂ ಹೀಗೆಯೇ ವಾಪಸ್ಸು ಹೊರಡುತ್ತದೆ. ಎಂಟನೇ ಸೆಕೆಂಡು ಕಳೆದ ಮೇಲೆ ಮೊದಲನೇ ಬಿಟ್ಟಿನ ಮಾರ್ದನಿ ಹೊರಟ ಜಾಗಕ್ಕೆ ಬಂದು, ಆಗಷ್ಟೇ ಹೊರಡುತ್ತಿರುವ ಒಂಬತ್ತನೆಯದಕ್ಕೆ ಢಿಕ್ಕಿ ಹೊಡೆಯುತ್ತದೆ. ಎಷ್ಟು ಮರಳುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ತಂತಿಯ ಅಡೆ 40 ಓಮ್ ಇದ್ದು ಕೊನೆಯಲ್ಲಿ 60 ಓಮ್ ಇಟ್ಟರೆ, ವ್ಯತ್ಯಾಸ 20, ಮೊತ್ತ 100. ಐದರಲ್ಲೊಂದು ಪಾಲು ಮರಳುತ್ತದೆ. ಕೊನೆಯಲ್ಲೂ 40 ಇಟ್ಟರೆ ಮರಳುವುದು ಸೊನ್ನೆ. ಕಾಲುವೆಯ ನೀರು ಅಡ್ಡಗಟ್ಟಿದ ಒಡ್ಡಿಗೆ ಬಡಿದು ಹಿಂದೆ ಸರಿಯುವುದಕ್ಕೂ, ಮಡಿಯೊಳಗೆ ಸದ್ದಿಲ್ಲದೆ ಇಂಗುವುದಕ್ಕೂ ಇರುವಷ್ಟೇ ಅಂತರ ಇದು. ಸಂಕೇತವನ್ನು ಹೀಗೆ ಇಂಗಿಸುವ ರೆಸಿಸ್ಟರುಗಳು ಈಗ ಮೆಮೊರಿ ಚಿಪ್ಪಿನ ಒಳಗೇ ಕೂತಿರುತ್ತವೆ, ಎಷ್ಟು ಓಮ್ ಬೇಕೋ ಅಷ್ಟಕ್ಕೆ ತಿರುಗಿಸಿಕೊಳ್ಳಬಹುದು.

ಹಳೆಯ ಮದರ್‌ಬೋರ್ಡ್ ಸಿಕ್ಕರೆ ಮೆಮೊರಿಯ ಸ್ಲಾಟಿನ ಪಕ್ಕ ಬೆಳಕಿಗೆ ಹಿಡಿದು ನೋಡಿ. ಕೆಲವು ಗೆರೆಗಳು ನೇರ ಹೋಗುವ ಬದಲು ಅಂಕುಡೊಂಕಾಗಿ, ಹಬ್ಬದ ದಿನ ಹೊಸ್ತಿಲ ಮುಂದೆ ಎಳೆದ ರಂಗೋಲಿಯಂತೆ ಸುತ್ತಿ ಹೋಗಿರುತ್ತವೆ. ಅದು ಅಲಂಕಾರವಲ್ಲ. ಹತ್ತಿರದ ತಂತಿಯ ಇರುವೆ ಮೊದಲು ಮುಟ್ಟಿ, ದೂರದ ತಂತಿಯ ಇರುವೆ ತಡವಾದರೆ ಒಂದೇ ಬೈಟಿನ ಎಂಟು ಬಿಟ್ಟುಗಳು ಬೇರೆ ಬೇರೆ ಹೊತ್ತಿಗೆ ಬಂದು ಅಕ್ಷರ ಕೆಡುತ್ತದೆ. ಹಾಗಾಗಿ ಗಿಡ್ಡ ದಾರಿಯವರನ್ನು ಬೇಕೆಂತಲೇ ಸುತ್ತಿಸುತ್ತಾರೆ. ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಒಂದು ಬಿಟ್ಟಿನ ಅವಧಿಯಲ್ಲಿ ನೂರಕ್ಕೆ ನಾಲ್ಕು ಪಾಲು ಕರಗಿಹೋಗುತ್ತದೆ.

ಈ ಕೆಲಸದವರ ಬಾಯಲ್ಲಿ ‘ಕಣ್ಣು’ ಎಂಬ ಮಾತು ಬಹಳ. ಸಾವಿರಾರು ಬಿಟ್ಟುಗಳ ಅಲೆಯನ್ನು ಆಸಿಲೋಸ್ಕೋಪಿನ ಪರದೆಯ ಮೇಲೆ ಒಂದರ ಮೇಲೊಂದು ಹಾಸಿದರೆ ನಡುವೆ ಕಣ್ಣಿನ ಆಕಾರದ ಒಂದು ಖಾಲಿ ಜಾಗ ಬಿಡುತ್ತದೆ. ಸೊನ್ನೆ ಕೆಳಗೆ, ಒಂದು ಮೇಲೆ, ಮಧ್ಯೆ ಆ ಖಾಲಿ. ಮಾರ್ದನಿ, ಪಕ್ಕದ ತಂತಿಯ ಪಿಸುಮಾತು, ವಿದ್ಯುತ್ತಿನ ತುಯ್ದಾಟ ಒಂದೊಂದೂ ರೆಪ್ಪೆಯನ್ನು ಅಷ್ಟಷ್ಟು ಕೆಳಗೆ ಎಳೆಯುತ್ತದೆ. ಕಣ್ಣು ಮುಚ್ಚಿತೆಂದರೆ ಸೊನ್ನೆ ಯಾವುದು, ಒಂದು ಯಾವುದು ತಿಳಿಯುವುದಿಲ್ಲ. “ಕಣ್ಣು ತೆರೆದಿದೆಯಾ?” ಎಂಬ ಪ್ರಶ್ನೆ ಬೆಂಗಳೂರಿನ ಚಿಪ್ ಕಂಪನಿಗಳ ಲ್ಯಾಬುಗಳಲ್ಲಿ ದಿನಬೆಳಗಾದರೆ ಕೇಳುವಂಥದ್ದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ ಆ ಊರಿನಲ್ಲಿ ಚಿಪ್ ವಿನ್ಯಾಸ ನಡೆದಿದೆ. ಮೆಮೊರಿಯ ತಂತಿಯನ್ನೇ ಕಸುಬು ಮಾಡಿಕೊಂಡ ರ‍್ಯಾಂಬಸ್ ಕಂಪನಿಯ ಎಂಜಿನಿಯರುಗಳೂ ಅಲ್ಲಿದ್ದಾರೆ.

ಕಣ್ಣು ತೆರೆಸಲು ಮೊದಲು ಹೊಳೆಯುವ ಉಪಾಯ ಜೋರಾಗಿ ತಳ್ಳುವುದು: ವೋಲ್ಟೇಜ್ ಏರಿಸು, ಸದ್ದು ಮುಳುಗಿಹೋಗುವಂತೆ ಕೂಗು. ಇದನ್ನು ಮನುಷ್ಯ ಒಮ್ಮೆ ಸಾವಿರಾರು ಕಿಲೋಮೀಟರ್ ತಂತಿಯ ಮೇಲೆ ಮಾಡಿ ನೋಡಿ ಸೋತಿದ್ದಾನೆ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲ ತಂತಿಯಲ್ಲಿ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು 16 ಗಂಟೆ ಹಿಡಿಯಿತು. ವೈಲ್ಡ್‌ಮನ್ ವೈಟ್‌ಹೌಸ್ ಎಂಬಾತ ಸುಮಾರು 2000 ವೋಲ್ಟ್ ಹಾಕಿ ತಳ್ಳಿದ. ಮೂರು ನಾಲ್ಕು ವಾರದಲ್ಲಿ ತಂತಿಯೇ ಸತ್ತಿತು. ವಿಜ್ಞಾನಿ ವಿಲಿಯಂ ಥಾಮ್ಸನ್ ಹೇಳಿದ ದಾರಿ ತದ್ವಿರುದ್ಧ. ಕಡಿಮೆ ವೋಲ್ಟೇಜಿನಲ್ಲಿ ಮೆಲ್ಲನೆ ಹೇಳಿ, ಆಚೆ ಕಡೆ ಕಿವಿ ಚುರುಕಾಗಿರಲಿ ಎಂದ. ಅದಕ್ಕಾಗಿ ಕನ್ನಡಿ ಕಟ್ಟಿದ, ಎಳ್ಳಷ್ಟು ಪ್ರವಾಹಕ್ಕೂ ಬೆಳಕಿನ ಚುಕ್ಕೆ ಅಲುಗುವ ಯಂತ್ರ ಮಾಡಿದ. 1866ರಲ್ಲಿ ತಂತಿ ಗೆದ್ದದ್ದು ಥಾಮ್ಸನ್ನನ ದಾರಿಯಲ್ಲಿ.

ಮೆಮೊರಿಯ ತಂತಿಯೂ ಅದೇ ದಾರಿ ಹಿಡಿಯಿತು. 1990ರ ದಶಕದ ಕೊನೆಗೆ ಮೆಮೊರಿ ಕೇಳುತ್ತಿದ್ದದ್ದು 3.3 ವೋಲ್ಟ್, ವೇಗ 100. ಆಮೇಲೆ 2.5, 1.8, 1.5, 1.2 ಎಂದು ಇಳಿಯುತ್ತ ಡಿಡಿಆರ್5ಕ್ಕೆ 1.1 ಆಯಿತು, ವೇಗ 6400. ತಂತಿಯೊಂದನ್ನು ಮೇಲೆ ಕೆಳಗೆ ಆಡಿಸುವ ಶಕ್ತಿ ವೋಲ್ಟೇಜಿನ ವರ್ಗದಂತೆ ನಡೆಯುತ್ತದೆ. ವೋಲ್ಟೇಜ್ ಮೂರನೇ ಒಂದಾದರೆ ಶಕ್ತಿ ಒಂಬತ್ತನೇ ಒಂದು. ಕೂಗು ಒಂಬತ್ತು ಪಾಲು ತಗ್ಗಿತು, ಮಾತು 64 ಪಟ್ಟು ಚುರುಕಾಯಿತು. ಗ್ರಾಫಿಕ್ ಕಾರ್ಡಿಗೆ ಹೋಗುವ ಪಿಸಿಐಇ ತಂತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. 2019ರಲ್ಲಿ ಬಂದ ಅದರ ಐದನೇ ಆವೃತ್ತಿ 36 ಡೆಸಿಬೆಲ್ ನಷ್ಟವನ್ನು ತಾಳಿಕೊಳ್ಳಬೇಕು. 1 ವೋಲ್ಟ್ ಹೊರಟರೆ ಆಚೆ ತುದಿಗೆ ಬರುವುದು 16 ಮಿಲಿವೋಲ್ಟ್, 63ರಲ್ಲಿ ಒಂದು ಪಾಲು. ಆ ಪಿಸುಮಾತಿನಿಂದಲೇ ಪೂರ್ತಿ ವಾಕ್ಯವನ್ನು ತಿದ್ದಿ ತೀಡಿ ಎತ್ತಿಕೊಳ್ಳುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗಕ್ಕೆ ಬಂದೆ. ಅದಕ್ಕಾಗಿ ಅಂಗಡಿಯ ಡಿಡಿಆರ್4ಕ್ಕೆ ಮರಳಬೇಕು.

ಡಿಡಿಆರ್4ರ ತಂತಿಯಲ್ಲಿ ‘ಒಂದು’ ಎಂದು ಹೇಳಲು ಹೆಚ್ಚುಕಡಿಮೆ ಏನೂ ಖರ್ಚಿಲ್ಲ. ತಂತಿಯ ಎರಡೂ ತುದಿ 1.2 ವೋಲ್ಟಿನಲ್ಲೇ ಇದ್ದು, ನಡುವೆ ಪ್ರವಾಹವೇ ಹರಿಯುವುದಿಲ್ಲ. ಖರ್ಚು ಬರುವುದು ‘ಸೊನ್ನೆ’ ಹೇಳಲು. ಆಗ ಒಂದು ತುದಿಯನ್ನು ನೆಲಕ್ಕೆ ಎಳೆಯಬೇಕು. ಎಳೆಯುವ ಕಡೆ 34 ಓಮ್, ಇಂಗಿಸುವ ಕಡೆ 60 ಓಮ್ ಇಟ್ಟರೆ ಹರಿಯುವುದು ಸುಮಾರು 13 ಮಿಲಿಆಂಪಿಯರ್, ಕರಗುವುದು 15 ಮಿಲಿವ್ಯಾಟ್. 64 ತಂತಿಯೂ ಒಟ್ಟಿಗೆ ಸೊನ್ನೆಯಾದರೆ 0.8 ಆಂಪಿಯರ್, ಹತ್ತಿರ ಹತ್ತಿರ 1 ವ್ಯಾಟ್.

ಒಂದು ವ್ಯಾಟ್ ಯಾವ ಮಹಾ ಎನ್ನಬಹುದು. ಮಹಾ ಇರುವುದು ಅದು ಶುರುವಾಗುವ ವೇಗದಲ್ಲಿ. 0.8 ಆಂಪಿಯರ್ ಪ್ರವಾಹ ಸೊನ್ನೆಯಿಂದ ಏಳಬೇಕಾದ್ದು ಸುಮಾರು 100 ಪಿಕೋಸೆಕೆಂಡಿನಲ್ಲಿ. ಅದೇ ಏರಿಕೆ ಪೂರ್ತಿ ಒಂದು ಸೆಕೆಂಡು ನಡೆದಿದ್ದರೆ ಪ್ರವಾಹ 800 ಕೋಟಿ ಆಂಪಿಯರಿಗೆ ಹೋಗುತ್ತಿತ್ತು. ಇಂಥ ಜಗ್ಗಾಟಕ್ಕೆ ಒಂದು ಮಿಲಿಮೀಟರ್ ಉದ್ದದ ತೆಳು ತಂತಿಯೂ ತಿರುಗಿ ಬೀಳುತ್ತದೆ. ಒಂದು ಬಿಟ್ಟಿನ 13 ಮಿಲಿಆಂಪಿಯರ್ ಹಠಾತ್ತನೆ ಹರಿದಾಗ ಆ ಮಿಲಿಮೀಟರಿನ ಎರಡು ತುದಿಗಳ ನಡುವೆ 0.13 ವೋಲ್ಟ್ ಏಳುತ್ತದೆ. ಎಂಟು ಬಿಟ್ ಅದೇ ಮಿಲಿಮೀಟರಿನಿಂದ ಒಟ್ಟಿಗೆ ನೆಲಕ್ಕೆ ಇಳಿಯಲು ಹೋದರೆ 1 ವೋಲ್ಟಿನ ಮೇಲೆ. ಇಡೀ ಸಂಕೇತಕ್ಕೇ ಇರುವುದು 1.2 ವೋಲ್ಟ್! ನೆಲ ಎಂದು ನಂಬಿದ್ದೇ ಜಿಗಿದು ಹೆಗಲವರೆಗೆ ಬಂದಂತೆ. ಮೆಮೊರಿ ಪಟ್ಟಿಯಲ್ಲಿ 288 ಕಾಲುಗಳಿದ್ದು ಅವುಗಳಲ್ಲಿ ಅಷ್ಟೊಂದು ಬರೀ ನೆಲಕ್ಕೆಂದೇ ಮೀಸಲಾಗಿರುವುದು ಈ ಭಯಕ್ಕೆ.

1995ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮಿರ್ಚಾ ಸ್ಟಾನ್ ಮತ್ತು ವೇಯ್ನ್ ಬರ್ಲ್‌ಸನ್ ತಂತಿಯ ಖರ್ಚು ತಗ್ಗಿಸುವ ಬಗ್ಗೆ ಒಂದು ಲೇಖನ ಬರೆದರು. ಅದರ ತಿರುಳನ್ನು ಕನ್ನಡ ಶಾಲೆಯ ಮಾಸ್ತರರು ಅವರಿಗಿಂತ ಮೊದಲೇ ಬಲ್ಲರು: ನಲವತ್ತು ಮಕ್ಕಳ ತರಗತಿಯಲ್ಲಿ ಮೂವತ್ತೇಳು ಮಂದಿ ಬಂದಿದ್ದರೆ ಬಂದವರನ್ನು ಎಣಿಸುತ್ತ ಕೂರುವುದಿಲ್ಲ, ಬಾರದ ಮೂವರ ಹೆಸರು ಬರೆದುಕೊಳ್ಳುತ್ತಾರೆ. ಎಂಟು ತಂತಿಯ ಪಕ್ಕ ಒಂಬತ್ತನೆಯ ತಂತಿ ಇಡಿ. ಬೈಟಿನಲ್ಲಿ ಸೊನ್ನೆಗಳು ನಾಲ್ಕಕ್ಕಿಂತ ಹೆಚ್ಚಿದ್ದರೆ ಎಂಟನ್ನೂ ತಿರುವಿಹಾಕಿ ಕಳಿಸಿ; ಒಂಬತ್ತನೆಯ ತಂತಿ ಸೊನ್ನೆಯಾಗಿ “ಇದನ್ನು ತಿರುವಿ ಓದು” ಎನ್ನಲಿ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇದ್ದಂತೆಯೇ ಹೋಗಲಿ. ಸ್ಟಾನ್ ಮತ್ತು ಬರ್ಲ್‌ಸನ್ ಎಣಿಸಿದ್ದು ತಂತಿ ಎಷ್ಟು ಸಲ ಬದಲಾಗುತ್ತದೆ ಎಂಬುದನ್ನು. ಡಿಡಿಆರ್4 ಎಣಿಸುವುದು ಸೊನ್ನೆಗಳನ್ನು. ಯೋಚನೆಯ ಬೇರು ಒಂದೇ.

ಕಾಗದ ಪೆನ್ಸಿಲ್ ಹಿಡಿದು ಮಾಡಬಹುದಾದ ಲೆಕ್ಕ ಇದು, ಆಸಕ್ತಿಯುಳ್ಳ ಹೈಸ್ಕೂಲ್ ಮಕ್ಕಳು ಮಾಡಿ ನೋಡಲೇಬೇಕು. ಒಂದು ಬೈಟ್ 256 ರೂಪ ತಳೆಯಬಹುದು. ಐದು ಸೊನ್ನೆಯವು 56, ಆರರವು 28, ಏಳರವು 8, ಎಂಟೂ ಸೊನ್ನೆಯದು 1. ಒಟ್ಟು 93 ತಿರುವಬೇಕಾದವು, ಉಳಿದ 163 ಹಾಗೆಯೇ. ತಿರುವದೆ ಹೋದರೆ ಬೈಟಿಗೆ ಸರಾಸರಿ 4 ಸೊನ್ನೆ. ತಿರುವಿ ಹೋದರೆ, ಒಂಬತ್ತನೆಯ ತಂತಿಯ ಖರ್ಚನ್ನೂ ಸೇರಿಸಿಕೊಂಡು, 3.27. ನೂರಕ್ಕೆ 18ರಷ್ಟು ಉಳಿತಾಯ. ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಎಂತಹ ಕೆಟ್ಟ ಗಳಿಗೆಯಲ್ಲೂ ಒಂಬತ್ತು ತಂತಿಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಒಟ್ಟಿಗೆ ನೆಲಕ್ಕೆ ಬೀಳಲಾರವು. 1 ವೋಲ್ಟ್ ಎಗರುತ್ತಿದ್ದ ನೆಲ ಅರ್ಧ ವೋಲ್ಟಿಗೆ ನಿಂತಿತು. ತಂತಿ ಹೆಚ್ಚಿಸಿದ್ದರಿಂದ ವಿದ್ಯುತ್ ಕಡಿಮೆಯಾಯಿತು, ವಿದ್ಯುತ್ ಕಡಿಮೆಯಾದದ್ದರಿಂದ ಕಣ್ಣು ಅಗಲವಾಯಿತು. ಉಳಿತಾಯ ಮತ್ತು ಸ್ಪಷ್ಟತೆ ಒಂದೇ ಕಡೆಯಿಂದ ಒಟ್ಟಿಗೆ ಬಂದದ್ದನ್ನು ನೋಡಿ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಇನ್ನು ನಮ್ಮ ಅಕ್ಷರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಗುರುತಿನ ಮೊದಲ ಬೈಟ್ ಒಂದೇ, 11100000. ಸೊನ್ನೆ ಎಣಿಸಿ: ಐದು. ಅಂದರೆ ಅ ದಿಂದ ಳ ವರೆಗೆ ಯಾವ ಕನ್ನಡ ಅಕ್ಷರವೇ ಆಗಲಿ, ಇದ್ದಂತೆ ತಂತಿಗೆ ಬಂದರೆ ಮೊದಲ ಹೆಜ್ಜೆಯಲ್ಲೇ ತಿರುವಿಸಿಕೊಂಡು 00011111 ಆಗಿ ಹೋಗುತ್ತದೆ. ‘ಕಟಕೋಳ’ದ 15 ಬೈಟುಗಳನ್ನು ಒಂದೊಂದಾಗಿ ಬಿಡಿಸಿ ಎಣಿಸಿದೆ. 120 ಬಿಟ್ಟುಗಳಲ್ಲಿ 61 ಸೊನ್ನೆ, 59 ಒಂದು. ತಿರುವದಿದ್ದರೆ 61 ಸೊನ್ನೆಯ ಖರ್ಚು. ತಿರುವಿದರೆ ಐದು ಮೊದಲ ಬೈಟುಗಳಲ್ಲಿ ಒಂದೊಂದರಂತೆ ಉಳಿದು 56. ಅಜ್ಜಾರ ಊರಿನ ಹೆಸರು ಒಮ್ಮೆ ದಾಟುವಾಗ ಉಳಿಯುವುದು ಐದು ಸೊನ್ನೆ.

ಜೇಬಿನ ಫೋನಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿನ ಎಲ್‌ಪಿಡಿಡಿಆರ್4 ಮೆಮೊರಿಯಲ್ಲಿ ಸೊನ್ನೆ ಬಿಟ್ಟಿ, ಒಂದಕ್ಕೆ ಖರ್ಚು. ಹಾಗಾಗಿ ಒಂದುಗಳು ಹೆಚ್ಚಿರುವ ಬೈಟ್ ಮಾತ್ರ ತಿರುವಿಸಿಕೊಳ್ಳುತ್ತದೆ. ಅಲ್ಲಿ ಮೊದಲ ಬೈಟುಗಳು ಸುಮ್ಮನಿರುತ್ತವೆ. ಟ ದ ಕೊನೆಯ ಬೈಟ್ 10011111, ಓತ್ವದ ನಡುವಿನ ಬೈಟ್, ಳ ದ ಕೊನೆಯ ಬೈಟ್, ಈ ಮೂರು ಮಗುಚುತ್ತವೆ. 59 ಇದ್ದದ್ದು 54ಕ್ಕೆ ಇಳಿಯುತ್ತದೆ. ಅಲ್ಲೂ ಐದು! ಇದು ಆಕಸ್ಮಿಕ, ಬೈಲಹೊಂಗಲಕ್ಕೋ ಸವದತ್ತಿಗೋ ಬೇರೆ ಸಂಖ್ಯೆ ಬಂದೀತು. ನಿಜವಾದ ಯಂತ್ರದಲ್ಲಿ ಅಕ್ಷರ ಯಾವಾಗಲೂ ಹೀಗೆ ಬರಿಮೈಯಲ್ಲಿ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದೇ ನಮೂನೆ ಮತ್ತೆ ಮತ್ತೆ ಬಂದು ತಂತಿಗಳನ್ನು ಜಗ್ಗದಿರಲೆಂದು ಎಷ್ಟೋ ಪ್ರೊಸೆಸರುಗಳು ಬಿಟ್ಟುಗಳನ್ನು ಮೊದಲೇ ಒಂದು ಗೊತ್ತಾದ ಕ್ರಮದಲ್ಲಿ ಕಲಸಿ ಕಳಿಸುತ್ತವೆ, ಆಚೆಯಿಂದ ತಂದ ಮೇಲೆ ಬಿಡಿಸಿಕೊಳ್ಳುತ್ತವೆ.

ಐದು ಸೊನ್ನೆಗೆ ಇಷ್ಟು ಹೊಡೆದಾಟವೇಕೆ? 2014ರಲ್ಲಿ ಸ್ಟ್ಯಾನ್‌ಫರ್ಡಿನ ಮಾರ್ಕ್ ಹೊರೊವಿಟ್ಜ್ ಒಂದು ಪಟ್ಟಿ ಮುಂದಿಟ್ಟರು. 1990ರಲ್ಲಿ ರ‍್ಯಾಂಬಸ್ ಕಟ್ಟಿದ ಇಬ್ಬರಲ್ಲಿ ಅವರೊಬ್ಬರು. ಅವರ ಪಟ್ಟಿಯ ಪ್ರಕಾರ ಚಿಪ್ಪಿನಲ್ಲಿ 32 ಬಿಟ್ಟಿನ ಎರಡು ಸಂಖ್ಯೆಗಳನ್ನು ಕೂಡಿಸಲು 0.1 ಪಿಕೋಜೌಲ್ ಶಕ್ತಿ ಸಾಕು. 64 ಬಿಟ್ಟಿನ ಒಂದು ಸಂಖ್ಯೆಯನ್ನು ಹೊರಗಿನ ಮೆಮೊರಿಯಿಂದ ತರಲು ಕಡಿಮೆಯೆಂದರೂ 1300 ಪಿಕೋಜೌಲ್. ಅರ್ಧ ಮಾಡಿಕೊಂಡು ಹೋಲಿಸಿದರೂ ತರುವ ಖರ್ಚು ಕೂಡಿಸುವ ಖರ್ಚಿನ ಆರು ಸಾವಿರ ಪಟ್ಟಿಗೂ ಮಿಕ್ಕು. ಎರಡು ರೂಪಾಯಿಯ ಕಡ್ಡಿಪೆಟ್ಟಿಗೆ ತರಲು ಹನ್ನೆರಡು ಸಾವಿರ ರೂಪಾಯಿ ಬಾಡಿಗೆ ಕೊಟ್ಟಂತೆ. ಕಂಪ್ಯೂಟರ್ ಅಂದರೆ ಲೆಕ್ಕ ಮಾಡುವ ಯಂತ್ರ ಎಂದು ನಾವು ಕಲಿತೆವು. ವಿದ್ಯುತ್ತಿನ ಬಿಲ್ ನೋಡಿದರೆ ಅದು ಸಾಮಾನು ಹೊರುವ ಯಂತ್ರ. ಲೆಕ್ಕ ನಡುವೆ ಎಲ್ಲೋ ಪುಕ್ಕಟೆಯಾಗಿ ಆಗಿಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೂತ ‘ಪರಮ್ ಪ್ರವೇಗ’ದ ಶಕ್ತಿ 3.3 ಪೆಟಾಫ್ಲಾಪ್: ಸೆಕೆಂಡಿಗೆ 33ರ ಮುಂದೆ 14 ಸೊನ್ನೆಯಷ್ಟು ಲೆಕ್ಕ. ಒಂದೊಂದು ಲೆಕ್ಕಕ್ಕೂ ಒಂದೇ ಒಂದು ಸಂಖ್ಯೆಯನ್ನು ಮೆಮೊರಿಯಿಂದ ಹೊರಬೇಕಾಗಿ ಬಂದು, ಹೊರೊವಿಟ್ಜ್ ಪಟ್ಟಿಯ ದರವೇ ಬಿದ್ದರೆ, ಆ ಹೊರೆಗೇ ಸುಮಾರು 43 ಲಕ್ಷ ವ್ಯಾಟ್ ಬೇಕು. ಅಷ್ಟು ವಿದ್ಯುತ್ತಿಗೆ ಮಲಪ್ರಭೆಯ ದಂಡೆಯಲ್ಲಿ 5 ಎಚ್‌ಪಿಯ 1150 ಪಂಪ್‌ಸೆಟ್ ಒಟ್ಟಿಗೆ ನೀರೆತ್ತುತ್ತವೆ. ರಾತ್ರಿ ತ್ರೀ-ಫೇಸ್ ಬಂತೆಂದು ಟಾರ್ಚ್ ಹಿಡಿದು ಹೊಲಕ್ಕೆ ಓಡಿದ ಯಾರಿಗೂ ಈ ಸಂಖ್ಯೆಯ ತೂಕ ಬಿಡಿಸಿ ಹೇಳಬೇಕಿಲ್ಲ. ಇದನ್ನು ತಪ್ಪಿಸಲೆಂದೇ ಪ್ರೊಸೆಸರಿನ ಹೊಟ್ಟೆಯಲ್ಲಿ ಕ್ಯಾಶ್ ಎಂಬ ಹಗೇವು ಇಡುತ್ತಾರೆ, ಒಮ್ಮೆ ತಂದದ್ದನ್ನು ಹತ್ತಿಪ್ಪತ್ತು ಸಲ ಬಳಸುತ್ತಾರೆ. ಮೆಮೊರಿಯನ್ನೇ ಪ್ರೊಸೆಸರಿನ ಪಕ್ಕಕ್ಕೆ ಎಳೆದುಕೊಂಡು, ಕೆಲವೇ ಮಿಲಿಮೀಟರ್ ಅಂತರದಲ್ಲಿ 1024 ತಂತಿ ಎಳೆಯುವ ವಿಧಾನವೂ ಬಂದಿದೆ.

ಇಷ್ಟು ಮೆಲ್ಲಗೆ, ಇಷ್ಟು ಬೇಗ, ಇಷ್ಟು ಇಕ್ಕಟ್ಟಿನಲ್ಲಿ ಹೇಳಿದ ಮಾತು ತಪ್ಪದೆ ಮುಟ್ಟುತ್ತದೆಯೇ? ಪಿಸಿಐಇ ತಂತಿಗೆ ಐದನೇ ಆವೃತ್ತಿಯವರೆಗೂ ಇಟ್ಟ ಕಟ್ಟಳೆ, ಒಂದು ಲಕ್ಷ ಕೋಟಿ ಬಿಟ್ಟಿಗೆ ಒಂದಕ್ಕಿಂತ ಹೆಚ್ಚು ತಪ್ಪು ಕೂಡದು ಎಂದು. ಆ ಒಂದನ್ನೂ ಹಿಡಿದು ಮತ್ತೆ ಕೇಳಿ ತರಿಸಿಕೊಳ್ಳುವ ಏರ್ಪಾಡು ಬೇರೆ ಇದೆ. ಕಿತ್ತೂರಿನ ಗಡಿಯಾರದಂತೆ ಸೆಕೆಂಡಿಗೊಂದು ಬಿಟ್ ಎಂದರೆ ಲಕ್ಷ ಕೋಟಿ ಸೆಕೆಂಡಿಗೆ 31,700 ವರ್ಷ. ನಮ್ಮ ಪಕ್ಕದ ಬಾದಾಮಿಯ ಮೂರನೇ ಗುಹೆಯಲ್ಲಿ ಕಲ್ಲಿನ ಮೇಲೆ ಅಕ್ಷರ ಕೊರೆದದ್ದು 578ರಲ್ಲಿ. ಅಂದಿನಿಂದ ಇಂದಿನವರೆಗಿನ ಕಾಲವನ್ನು ಇಪ್ಪತ್ತೊಂದು ಸಲ ಸಾಲಾಗಿ ಇಟ್ಟರೂ, ಸೆಕೆಂಡಿಗೊಂದರಂತೆ ಉಳಿಯೇಟು ಹಾಕುತ್ತ ಬಂದವನು ಇನ್ನೂ ಒಂದು ಏಟನ್ನೂ ತಪ್ಪಿಸಿರಬಾರದು.

ಪ್ರಿಂಟರ್ ಕಾಗದ ಹೊರಗೆ ಹಾಕಿತು. ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅಜ್ಜಾರು ಸರ್ವೆ ನಂಬರಿನ ಮೇಲೆ ಬೆರಳಿಟ್ಟು ಓದಿಕೊಂಡರು, ಎಕರೆ ಗುಂಟೆ ಓದಿಕೊಂಡರು, ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟರು. ಪರದೆಯ ಮೇಲೆ ‘ಕಟಕೋಳ’ ಹಾಗೆಯೇ ಇತ್ತು. ಮೆಮೊರಿಯಲ್ಲಿ ಒಂದು ಬಿಟ್ ನಿಂತಿರುವುದು ಸೋರುವ ಪುಟ್ಟ ಗಡಿಗೆಯಲ್ಲಿ ತುಂಬಿಟ್ಟ ವಿದ್ಯುತ್ತಾಗಿ. 64 ಮಿಲಿಸೆಕೆಂಡಿನೊಳಗೆ ಅದನ್ನು ಒಮ್ಮೆ ಓದಿ ಮತ್ತೆ ತುಂಬದಿದ್ದರೆ ಇತ್ತೋ ಇಲ್ಲವೋ ಎಂದು ಹೇಳಲಾಗದಷ್ಟು ಸೋರಿಹೋಗಬಹುದು. ಅಜ್ಜಾರು ಕೋಲು ಹಿಡಿದು ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದರು. ಆ ಯಂತ್ರ ಅವರ ಊರಿನ ಹೆಸರನ್ನು ಸೆಕೆಂಡಿಗೆ ಹದಿನೈದು ಸಲಕ್ಕೂ ಮೀರಿ, ಮೊದಲಿಂದ ಕೊನೆಯವರೆಗೆ, ಮತ್ತೆ ಮತ್ತೆ ತುಂಬಿಡುತ್ತಲೇ ಇತ್ತು.